ಬಸುರಿ, ಬಾಣಂತಿ, ಕೂಸು: ಬೆಂಗಳೂರಿಗೆ ಹೊಸದಾಗಿ ಬಂದವರಿಗೆ

ರಾಯಚೂರು, ಕೊಪ್ಪಳದ ಕಡೆಯಿಂದ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದವರು ಒಂದು ವಿಷಯವನ್ನು ಮೊದಲೇ ಅರಿತಿರಬೇಕು. ಊರಿನಲ್ಲಿ ಯಾರ ಮನೆಯಲ್ಲಿ ಯಾರು ಬಸುರಿ ಎಂಬುದು ಆಶಾ ಕಾರ್ಯಕರ್ತೆಗೆ ಕೆಲವೊಮ್ಮೆ ಅತ್ತೆಗಿಂತ ಮೊದಲೇ ತಿಳಿದಿರುತ್ತದೆ. ಇಲ್ಲಿ ಮೂರನೇ ಮಹಡಿಯಲ್ಲಿ ನೀವಿರುವುದೇ ಪಕ್ಕದ ಮನೆಯವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಯಾರಾದರೂ ಬಾಗಿಲಿಗೆ ಬಂದು ಕೇಳುತ್ತಾರೆಂದು ಕಾಯದೆ, ನೀವೇ ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಿರಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ವೈದ್ಯರ ಉಚಿತ ತಪಾಸಣೆ ಇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದರೂ ಹೆರಿಗೆ ಉಚಿತ. ಎಲ್ಲರೂ ವಿಕ್ಟೋರಿಯಾದ ಪಕ್ಕದ ವಾಣಿ ವಿಲಾಸಕ್ಕೇ ಓಡುತ್ತಾರೆ. ಅದು ತೊಡಕಿನ ಹೆರಿಗೆಗಳನ್ನು ದೂರದೂರದಿಂದ ಕಳಿಸುವ ಜಾಗವಾದ್ದರಿಂದ ಅಲ್ಲಿ ಸದಾ ಜನಸಂದಣಿ. ತೊಂದರೆಯಿಲ್ಲದ ಬಸುರಿಗೆ ಪಾಲಿಕೆಯ ಹೆರಿಗೆ ಆಸ್ಪತ್ರೆಯೇ ಸಾಕೆಂಬುದು ನನ್ನ ಅಭಿಪ್ರಾಯ.

ನಿಜವಾದ ತೊಡಕು ಹುಟ್ಟುವುದು ನಮ್ಮ ವಾಡಿಕೆಯಿಂದ. ಏಳನೇ ತಿಂಗಳಲ್ಲಿ ಕುಬಸ ಮುಗಿಸಿ ಮಗಳನ್ನು ತವರಿಗೆ ಕರೆದೊಯ್ಯುವಾಗ ಹಸಿರು ಬಳೆ, ಸೀರೆ, ಬುತ್ತಿ ಎಲ್ಲವೂ ಗಂಟಿನಲ್ಲಿರುತ್ತವೆ, ತಾಯಿ ಕಾರ್ಡ್ ಮಾತ್ರ ಬೆಂಗಳೂರಿನ ಕಪಾಟಿನಲ್ಲಿ ಉಳಿಯುತ್ತದೆ. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ ಏರಿದ ತಿಂಗಳು, ಎಲ್ಲವೂ ಅದರಲ್ಲಿಯೇ ಇವೆ. ನಡುರಾತ್ರಿ ನೋವು ಬಂದಾಗ ಅಲ್ಲಿನ ವೈದ್ಯರು ಮೊದಲು ಕೇಳುವುದೂ ಅದನ್ನೇ. ಹೆರಿಗೆಯಾದ ಊರಿನಲ್ಲಿಯೇ 21 ದಿನಗಳೊಳಗೆ ಜನನ ನೋಂದಣಿ ಆಗಲಿ.

ಲಸಿಕೆಯ ಲೆಕ್ಕವೂ ಬಾಣಂತನದ ನಡುವೆಯೇ ಬರುತ್ತದೆ. ಹುಟ್ಟಿದಾಗಿನ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ನಂತರ 6, 10, 14ನೇ ವಾರಗಳು. ಮೂರು ತಿಂಗಳು ಕೂಸನ್ನು ಹೊಸ್ತಿಲು ದಾಟಿಸಬಾರದೆಂದು ಹಿರಿಯರು ಪಟ್ಟು ಹಿಡಿಯುವುದು ಸರಿಯಾಗಿ ಆ ವಾರಗಳಲ್ಲಿಯೇ. ಅವರೊಡನೆ ಜಗಳ ಬೇಡ, ಆದರೆ ಕೂಸನ್ನು ಬೆಚ್ಚಗೆ ಸುತ್ತಿಕೊಂಡು ಹೋಗಿಬನ್ನಿ. ತಪ್ಪಿದ್ದರೆ ಉಳಿದದ್ದನ್ನು ಮುಂದುವರಿಸುತ್ತಾರೆ, ಮೊದಲಿನಿಂದ ಆರಂಭಿಸುವುದಿಲ್ಲ. ಬಿಸಿಜಿಗೋ, ಒಂಬತ್ತು ತಿಂಗಳ ದಡಾರದ ಚುಚ್ಚುಮದ್ದಿಗೋ ಹೋದಾಗ ಸಿಸ್ಟರ್ ‘ಲಸಿಕೆಯ ದಿನವೇ ಬನ್ನಿ’ ಎಂದರೆ ಸಿಟ್ಟಾಗಬೇಡಿ: ಹಲವು ಮಕ್ಕಳಿಗಾಗುವ ಆ ಸೀಸೆಯನ್ನು ಒಮ್ಮೆ ತೆರೆದರೆ ನಾಲ್ಕು ಗಂಟೆಗಳಲ್ಲಿ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಅದು ಯಾವ ದಿನವೆಂದು ಮೊದಲೇ ಕೇಳಿಕೊಳ್ಳಿ.

ಎರೆದು, ಎಣ್ಣೆ ತಿಕ್ಕಿ, ರಾತ್ರಿ ಕೂಸನ್ನೆತ್ತಿಕೊಂಡು ಕೂರುವ ಅವ್ವ ಊರಿನಲ್ಲಿಯೇ ಉಳಿದಾಗ, ಇಲ್ಲಿಗೆ ಮರಳಿದ ಬಾಣಂತಿಗೆ ಆಗುವ ಒಂಟಿತನಕ್ಕೆ ಯಾವ ಯೋಜನೆಯೂ ಇಲ್ಲ. ಹಾಗಾಗಿಯೇ ಅಂಗನವಾಡಿಯನ್ನು ತಾತ್ಸಾರ ಮಾಡಬೇಡಿರೆನ್ನುತ್ತೇನೆ. ಕೂಸಿನ ತೂಕ ನೋಡಿಸಲು ಹೋದರೆ ಇನ್ನೂ ನಾಲ್ವರು ತಾಯಂದಿರ ಪರಿಚಯವಾಗುತ್ತದೆ, ಮೂರು ವರ್ಷ ತುಂಬಿದ ಮೇಲೆ ಮಗು ಅಲ್ಲಿಯೇ ಕನ್ನಡದಲ್ಲಿ ಆಡುತ್ತ ಕಲಿಯುತ್ತದೆ.