ಹನ್ನೆರಡೂ ಜನ ಆಡಿ ಗೆದ್ದ ಸೀಸನ್: ನನ್ನ ಅನುಭವ

ಕಳೆದ ಅಕ್ಟೋಬರ್‌ನಲ್ಲಿ ನಮ್ಮ ಕಾಲೇಜಿನ ಹುಡುಗಿಯರು ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್ ಗೆದ್ದರು. 61–43. ಸ್ಕೋರ್‌ಶೀಟ್ ಮಡಚಿ ಬ್ಯಾಗಿಗೆ ಹಾಕಿಕೊಳ್ಳುವ ಮೊದಲು ಒಂದು ಸಲ ಬೆರಳಿಟ್ಟು ಎಣಿಸಿದೆ. 12 ಹೆಸರಲ್ಲಿ 11 ಹೆಸರಿನ ಮುಂದೆ ಪಾಯಿಂಟ್ ಇತ್ತು. ಒಬ್ಬಳದು ಮಾತ್ರ ಖಾಲಿ. ಆದರೆ ಎದುರು ತಂಡದಲ್ಲಿ ಬಾಲ್ ತರುವ ಪಾಯಿಂಟ್ ಗಾರ್ಡ್ ಅರ್ಧ ಕೋರ್ಟ್ ದಾಟದ ಹಾಗೆ ಕಾಡಿದ್ದು ಆ ಖಾಲಿ ಹೆಸರಿನ ಹುಡುಗಿಯೇ.

ಆ ಸೀಸನ್‌ನಲ್ಲಿ ಪ್ರಾಕ್ಟೀಸ್ ಮ್ಯಾಚ್, ದಸರಾ ಕ್ರೀಡಾಕೂಟ, ಎರಡು ಟೂರ್ನಮೆಂಟ್ ಎಲ್ಲ ಸೇರಿ 19 ಮ್ಯಾಚ್ ಆಡಿರಬೇಕು. 18 ಗೆದ್ದೆವು. ಅದರಲ್ಲಿ ಹತ್ತರಲ್ಲಾದರೂ 20ಕ್ಕಿಂತ ಜಾಸ್ತಿ ಪಾಯಿಂಟ್ ಅಂತರ. ಐದಡಿ ಎಂಟಿಂಚು ದಾಟಿದವರು ಒಬ್ಬರೂ ಇಲ್ಲದ ತಂಡ ಇದು. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಕೋರ್ಟಿನಲ್ಲಿ ಒಂದು ಹೊತ್ತಿಗೆ ಐದೇ ಜನ, ಆದರೂ ಹನ್ನೆರಡೂ ಜನರನ್ನು ಆಡಿಸುತ್ತೇನೆ ಅಂದಾಗ ಸುತ್ತಲಿನ ಕಾಲೇಜುಗಳ ಪಿ.ಡಿ.ಗಳು (ದೈಹಿಕ ಶಿಕ್ಷಣ ನಿರ್ದೇಶಕರು) ನಕ್ಕಿದ್ದರು. 'ಮೇಡಂ, ಇದು ಬ್ಯಾಸ್ಕೆಟ್‌ಬಾಲು. ಊರ ಹಬ್ಬದ ಪಂಕ್ತಿ ಅಲ್ಲ, ಎಲ್ಲರಿಗೂ ಬಡಿಸ್ಕೊಂಡು ಹೋಗೋಕೆ' ಅಂದಿದ್ದರು ಒಬ್ಬ ಹಿರಿಯರು. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ನಾನೂ 11 ವರ್ಷ ಆರು ಜನರಲ್ಲೇ ಮ್ಯಾಚ್ ಮುಗಿಸಿದವಳು. ಐದು ಜನ ಮೇನ್, ಒಬ್ಬಳು ಸಬ್. ಉಳಿದವರು ಬ್ಯಾಗು ಕಾಯುವವರು. ನಾಲ್ಕನೇ ಕ್ವಾರ್ಟರ್ ಬಂತು ಅಂದರೆ ನಮ್ಮವರ ಕೈ ಸೊಂಟಕ್ಕೆ ಹೋಗುತ್ತಿತ್ತು. ಹತ್ತಿರ ಹೋಗಿ ಹಾಕುವ ಸುಲಭದ ಲೇಅಪ್ ಕೂಡ ರಿಂಗಿನ ಮುಂದಕ್ಕೆ ಬಡಿದು ವಾಪಸ್. ಫಿಟ್‌ನೆಸ್ ಕಮ್ಮಿ ಅಂತ ಬೆಳಗ್ಗೆ ಬೆಳಗ್ಗೆ ಗ್ರೌಂಡ್ ಸುತ್ತಿಸಿದೆ. ಇನ್ನೂ ಸೊರಗಿದರು. ಆಮೇಲೆ ಕಾಲೇಜಿನಲ್ಲಿ ರಕ್ತ ಪರೀಕ್ಷೆಯ ಕ್ಯಾಂಪ್ ಆಯಿತು. ನಮ್ಮ ತಂಡದ ಏಳು ಜನರ ಹಿಮೋಗ್ಲೋಬಿನ್ 11ರ ಒಳಗಿತ್ತು. ಆರೂವರೆ ಬಸ್ಸಿಗೆ ಹಳ್ಳಿಯಿಂದ ಹೊರಡುವ ಮಕ್ಕಳು. ತಿಂಡಿ ತಿಂದಿರುವುದಿಲ್ಲ. ಸೋಮವಾರ, ಶನಿವಾರ ಒಪ್ಪೊತ್ತು ಬೇರೆ. ಇವರನ್ನು 40 ನಿಮಿಷ ಓಡಿಸಿ ಗೆಲ್ಲುತ್ತೇನೆ ಅನ್ನುವುದೇ ತಪ್ಪು ಲೆಕ್ಕ ಅಂತ ಅವತ್ತು ಅನ್ನಿಸಿತು. ಆದರೆ ನಾಲ್ಕು ನಿಮಿಷ ಅಂದರೆ ಇದೇ ಮಕ್ಕಳು ಪ್ರಾಣ ಒತ್ತೆ ಇಟ್ಟು ಓಡುತ್ತಾರೆ. ಹಾಗಾದರೆ ಮ್ಯಾಚನ್ನೇ ನಾಲ್ಕು ನಾಲ್ಕು ನಿಮಿಷಕ್ಕೆ ಕತ್ತರಿಸಿ ಹಂಚಿದರೆ?

ಹಂಚಲು ಜನ ಬೇಕಲ್ವಾ. ಬೆಂಚಿನಲ್ಲಿ ಜನ ಇಲ್ಲದಿದ್ದಕ್ಕೆ ಕಾರಣ ದುಡ್ಡು. ಆಫೀಸಿನಲ್ಲಿ ಟಿಎ, ಡಿಎ (ಪ್ರಯಾಣ ಭತ್ಯೆ, ದಿನಭತ್ಯೆ) ಪಾಸ್ ಆಗುತ್ತಿದ್ದುದು ಎಂಟು ಜನರಿಗೆ. ಒಂದು ಟೂರ್ನಮೆಂಟಿಗೆ ಎಂಟೊಂಬತ್ತು ಸಾವಿರ ಖರ್ಚಾದರೆ ಮೂರು ಸಾವಿರ ಬಸ್ಸಿಗೇ ಹೋಗುತ್ತಿತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು ನೋಡಿ, ನನ್ನ ಲೆಕ್ಕ ಅಲ್ಲಿಂದ ಬದಲಾಯಿತು. 12 ಹುಡುಗಿಯರು, ಜೊತೆಗೆ ನಾನು. ಹದಿಮೂರೂ ಜನ ಆಧಾರ್ ಕಾರ್ಡ್ ತೋರಿಸಿ ಜೀರೋ ಟಿಕೆಟ್‌ನಲ್ಲಿ ಕೆಂಪು ಬಸ್ ಹತ್ತಿದೆವು. ಬಸ್ಸಿನ ದುಡ್ಡು ಊಟಕ್ಕೆ ಉಳಿಯಿತು. ಹುಡುಗರ ತಂಡದ ಪಿ.ಡಿ.ಗಳಿಗೆ ಈ ದಾರಿ ಇಲ್ಲ, ಅದು ನನಗೂ ಗೊತ್ತು.

ಧೈರ್ಯ ಬಂದಿದ್ದು ಅಮೆರಿಕದ ಒಂದು ಕಾಲೇಜು ತಂಡದಿಂದ. 2024ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಸೌತ್ ಕ್ಯಾರೊಲಿನಾಗೂ ಅಯೋವಾಗೂ ಅಲ್ಲಿನ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಫೈನಲ್. ಆಟ ಶುರುವಾದಾಗ ನಮ್ಮಲ್ಲಿ ರಾತ್ರಿ ಹನ್ನೆರಡೂವರೆ. ಹೈಲೈಟ್ಸ್ ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಕೂತು ನೋಡಿದೆ. ಎಲ್ಲರ ಬಾಯಲ್ಲೂ ಅಯೋವಾದ ಕೇಟ್ಲಿನ್ ಕ್ಲಾರ್ಕ್. ಮೊದಲ ಕ್ವಾರ್ಟರಿನಲ್ಲೇ ಅವರೊಬ್ಬರೇ 18 ಹಾಕಿದರು. 27–20 ಅಯೋವಾ ಮುಂದೆ. ಆದರೆ ಕೊನೆಗೆ ಸೌತ್ ಕ್ಯಾರೊಲಿನಾ 87–75. ಅವರ ಬೆಂಚಿನಿಂದ, ಅಂದರೆ ಬದಲಿಯಾಗಿ ಇಳಿದವರಿಂದ, 37 ಪಾಯಿಂಟ್ ಬಂತು. ಅಯೋವಾ ಬೆಂಚಿನಿಂದ ಸೊನ್ನೆ. ಈ ಸೊನ್ನೆಯನ್ನು ನಾನು ಮೂರು ಸಲ ನೋಡಿದೆ. ಟೆಸ್ಸಾ ಜಾನ್ಸನ್ ಅನ್ನುವ ಮೊದಲ ವರ್ಷದ ಹುಡುಗಿ ಬೆಂಚಿನಿಂದ ಎದ್ದು ಬಂದು 19 ಹಾಕಿದ್ದಳು.

ಆ ವರ್ಷ ಅವರದು 38 ಮ್ಯಾಚ್, 38 ಗೆಲುವು. ಅದೂ ಹಿಂದಿನ ವರ್ಷದ ಐದಕ್ಕೆ ಐದೂ ಸ್ಟಾರ್ಟರ್‌ಗಳು (ಆಟ ಶುರು ಮಾಡುವ ಮೇನ್ ಐದು ಜನ) ಬಿಟ್ಟು ಹೋದ ಮೇಲೆ. ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ಹಾಕಿದ ಕಮಿಲ್ಲಾ ಕಾರ್ಡೋಸೊ ಅವರ ಸರಾಸರಿ 14 ಚಿಲ್ಲರೆ. ಕ್ಲಾರ್ಕ್ ಸರಾಸರಿ 31ರ ಮೇಲೆ. ಜಗಳದಲ್ಲಿ ಔಟ್ ಆಗಿ ಕಾರ್ಡೋಸೊ ನಾಕೌಟ್‌ನ ಮೊದಲ ಮ್ಯಾಚ್ ಆಡುವ ಹಾಗಿರಲಿಲ್ಲ. ಅವರಿಲ್ಲದೆಯೂ ತಂಡ 91–39ರಲ್ಲಿ ಗೆದ್ದಿತು. ಆ ತಂಡದ ಕೋಚ್ ಡಾನ್ ಸ್ಟೇಲಿ ಹತ್ತಿರ ಇರುವ ದುಡ್ಡು, ಜಿಮ್, ಹುಡುಗಿಯರ ಎತ್ತರ ನಮಗೆ ಕನಸಿನಲ್ಲೂ ಇಲ್ಲ. ಆದರೆ ಹಂಚಿ ಆಡಿಸೋಕೆ ಎತ್ತರ ಬೇಕಾಗಿಲ್ಲ ಅಲ್ವಾ?

ಆ ವರ್ಷವೇ ಶುರು ಮಾಡಿದೆ. ಚೆನ್ನಾಗಿ ಪೆಟ್ಟು ತಿಂದೆ.

2024ರಲ್ಲಿ ಮಾಡಿದ್ದು ಐದಕ್ಕೈದು ಬದಲಿ. ಒಂದು ಐದು ಆಡೋದು, ಇನ್ನೊಂದು ಐದು ಕಾಯೋದು. ಮೊದಲ ಮ್ಯಾಚಲ್ಲೇ 14–6 ಮುಂದಿದ್ದೆವು, ಐದೂ ಜನರನ್ನು ಬದಲಿಸಿದೆ. ಮೂರು ನಿಮಿಷ ಕಳೆಯುವಷ್ಟರಲ್ಲಿ 14–17. ಒಳಗೆ ಹೋದ ಐದೂ ಜನರ ಮೈ ತಣ್ಣಗಿತ್ತು. ಬಾಲು ಮುಟ್ಟಿ ಅರ್ಧ ಗಂಟೆ ಆಗಿತ್ತು. ಒಬ್ಬರೂ ಒಬ್ಬರಿಗೆ ಕೂಗಿ ಹೇಳುತ್ತಿರಲಿಲ್ಲ. ಮುಂದಿನ ಮ್ಯಾಚಿಗೆ ಒಬ್ಬೊಬ್ಬರನ್ನೇ ಬದಲಿಸಿದೆ. ಅದು ಇನ್ನೂ ಗೋಜಲು. ಒಂದು ಹೊತ್ತಿನಲ್ಲಿ ಕೋರ್ಟ್ ನೋಡಿದರೆ ಮೂರು ಜನ ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡೋರು, ಬಾಲ್ ತರುವವರೇ ಇಲ್ಲ. ಕ್ವಾರ್ಟರ್ ಫೈನಲ್‌ನಲ್ಲೇ ಸೋತು ಬಸ್ ಹತ್ತಿದೆವು. ಖರ್ಚು ಸುಮಾರು 38 ಸಾವಿರ. ಅದರಲ್ಲಿ ಹನ್ನೊಂದು ಸಾವಿರ ನನ್ನ ಕೈಯಿಂದ. 'ಹನ್ನೆರಡು ಟ್ರ್ಯಾಕ್‌ಸೂಟಿನ ಬಿಲ್ ಬಂದಿದೆ, ಕಪ್ ಎಲ್ಲಿ ಮೇಡಂ?' ಅಂತ ಕೇಳಿದವರಿಗೆ ಉತ್ತರ ಇರಲಿಲ್ಲ.

ಸಾಲದ್ದಕ್ಕೆ 2025ರ ಏಪ್ರಿಲ್‌ನಲ್ಲಿ ಸೌತ್ ಕ್ಯಾರೊಲಿನಾನೇ ಫೈನಲ್‌ನಲ್ಲಿ ಯುಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ) ಕೈಲಿ 82–59ರಲ್ಲಿ ಸೋತಿತು. ಬೆಳಗ್ಗೆ ಎದ್ದರೆ ವಾಟ್ಸಾಪ್‌ನಲ್ಲಿ ಅದೇ ಸ್ಕೋರ್ ನಾಲ್ಕು ಜನ ಕಳಿಸಿದ್ದರು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಬಿಡಲಿಲ್ಲ. ಆ ಬೇಸಿಗೆ ರಜೆಯಲ್ಲಿ ಹಳೇ ಸ್ಕೋರ್‌ಶೀಟ್‌ಗಳನ್ನೆಲ್ಲ ಅಡುಗೆಮನೆ ಟೇಬಲ್ ಮೇಲೆ ಹರಡಿಕೊಂಡು ಕೂತೆ. ಯಾರು ಯಾರು ಒಟ್ಟಿಗೆ ಕೋರ್ಟಿನಲ್ಲಿದ್ದಾಗ ಪಾಯಿಂಟ್ ಏರಿದೆ, ಯಾವಾಗ ಇಳಿದಿದೆ ಅಂತ ಗುರುತು ಹಾಕುತ್ತಾ ಹೋದೆ. ನಾಲ್ಕೈದು ದಿನ ಆದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಆಟ ಏರುತ್ತಿದ್ದುದು, ಇಳಿಯುತ್ತಿದ್ದುದು ಐದು ಜನರಿಂದ ಅಲ್ಲ. ಇಬ್ಬಿಬ್ಬರಿಂದ.

ಅಲ್ಲಿಂದ ಜೋಡಿ ಲೆಕ್ಕ ಶುರು. 12 ಜನ, ಆರು ಜೋಡಿ. ಜೋಡಿ ಒಟ್ಟಿಗೆ ಕೋರ್ಟಿಗೆ ಇಳಿಯಬೇಕು, ಒಟ್ಟಿಗೆ ಹೊರಗೆ ಬರಬೇಕು. ಒಂದು ಸಲಕ್ಕೆ ಒಂದೇ ಜೋಡಿ ಬದಲಿ. ಬಾಲ್ ತರುವವಳು ಬದಲಾಗುವ ಹೊತ್ತಿನಲ್ಲಿ ಇನ್ನೊಬ್ಬ ಗಾರ್ಡ್ ಒಳಗಿರಲೇಬೇಕು. ಎರಡು ಜೋಡಿ ಜೊತೆ ಐದನೆಯವಳು ಬೇಕಲ್ಲ, ಅವಳನ್ನು ಕಾಯುತ್ತಿರುವ ಜೋಡಿಯಿಂದ ಸಾಲ ತರುವುದು. ಆ ಸಾಲದ ಲೆಕ್ಕ ಬರೆಯಲು ಸೆಕೆಂಡ್ ಬಿಕಾಂ ಹುಡುಗಿಯೊಬ್ಬಳನ್ನು ನನ್ನ ಪಕ್ಕ ಕೂರಿಸಿಕೊಂಡೆ. ಅವಳು ಆಡುವವಳಲ್ಲ. ಅಕೌಂಟೆನ್ಸಿಯಲ್ಲಿ ಚುರುಕು. ನಲವತ್ತು ರೂಪಾಯಿಯ ನೋಟ್‌ಬುಕ್ಕು, ಒಂದು ಸ್ಟಾಪ್‌ವಾಚು. ಇಡೀ ಸೀಸನ್ನಿನ ಬೆಲೆಬಾಳುವ ಸಾಮಾನು ಅದೇ.

ಬಾಲ್ ಡೆಡ್ ಆಗದೆ, ಅಂದರೆ ಆಟ ಒಂದು ಗಳಿಗೆ ನಿಲ್ಲದೆ, ಬದಲಿ ಇಲ್ಲ, ನಿಮಗೆ ಗೊತ್ತೇ ಇದೆ. ಮೂರನೇ ನಿಮಿಷಕ್ಕೇ ಜೋಡಿಯನ್ನು ಸ್ಕೋರರ್ ಟೇಬಲ್ ಹತ್ತಿರ ಕಳಿಸಿಬಿಡುತ್ತೇನೆ. ಮ್ಯಾಚಿನ ಕೊನೆಯ ಎರಡು ನಿಮಿಷದಲ್ಲಿ ಹುಷಾರು. ನಾವು ಬಾಸ್ಕೆಟ್ ಹಾಕಿದರೆ ಮೊದಲು ಬದಲಿ ಕೇಳುವ ಹಕ್ಕು ಎದುರಿನವರದು. ಇದನ್ನು ಮರೆತು ಒಂದು ಪ್ರಾಕ್ಟೀಸ್ ಮ್ಯಾಚ್ ಕೈಬಿಡುವುದರಲ್ಲಿದ್ದೆ. ಈಗ 38ನೇ ನಿಮಿಷಕ್ಕೆ ಮುಂಚೆಯೇ ಮ್ಯಾಚ್ ಮುಗಿಸುವ ಜೋಡಿ ಒಳಗಿರುತ್ತದೆ.

ಯಾರನ್ನು ಯಾರಿಗೆ ಜೋಡಿ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬೆಂಚಿನಿಂದ ನಾನು ಕೂಗುವ ಎರಡು ಮಾತು ಏನು ಅಂತಲೂ ಹೇಳಲ್ಲ. ಬರುವ ಅಕ್ಟೋಬರ್‌ನಲ್ಲಿ ನಿಮ್ಮ ತಂಡವೇ ನನ್ನೆದುರು ಬರಬಹುದು.

ತಣ್ಣಗಿನ ಮೈಗೆ ಮಾಡಿದ ಉಪಾಯ ಹೇಳುತ್ತೇನೆ. ನಮ್ಮ ಕಡೆ ಬೆಂಚು ಅಂದರೆ ಸಿಮೆಂಟ್ ಕಟ್ಟೆ, ಇಲ್ಲ ಪ್ಲಾಸ್ಟಿಕ್ ಕುರ್ಚಿ. ಮನೆಯಿಂದ ಎರಡು ಕಂಬಳಿ ತಂದೆ. ಕೂತವರು ಮಂಡಿ ಮುಚ್ಚಿಕೊಂಡು ಕೂರಬೇಕು. ಇಳಿಯಲು ಎರಡು ನಿಮಿಷ ಇದೆ ಅಂದಾಗ ಕಂಬಳಿ ತೆಗೆದು ಕುರ್ಚಿ ಹಿಂದೆ ಸ್ಕಿಪ್ಪಿಂಗ್. ಒಂದು ಹಳೇ ಬಾಲು ಬೆಂಚಿನಲ್ಲೇ ಇರುತ್ತದೆ. ಅದನ್ನು ಕೈಯಿಂದ ಕೈಗೆ ದಾಟಿಸುತ್ತಲೇ ಇರಬೇಕು. ಮೊದಮೊದಲು ಬೇರೆ ತಂಡದವರು ಕಂಬಳಿ ನೋಡಿ ನಗುತ್ತಿದ್ದರು. ಇಳಿದ ಮೊದಲ ನಿಮಿಷದಲ್ಲಿ ಬಾಲ್ ಕೈಜಾರುವುದು ಅರ್ಧಕ್ಕರ್ಧ ಕಮ್ಮಿಯಾಯಿತು.

ಊಟದ್ದೂ ಒಂದು ಪ್ರಯೋಗ ಮಾಡಿದೆ. ಪ್ರಾಕ್ಟೀಸ್ ಆದ ಮೇಲೆ ಎರಡು ಬೇಯಿಸಿದ ಮೊಟ್ಟೆ. ಆರು ಜನ ಮೊಟ್ಟೆ ಮುಟ್ಟುವುದಿಲ್ಲ ಅಂದರು. ಅವರಿಗೆ ಮೊಳಕೆ ಹುರುಳಿ ಉಸಲಿ, ಕಡಲೆಕಾಯಿ ಚಿಕ್ಕಿ, ಜೊತೆಗೆ ಅರ್ಧ ನಿಂಬೆಹಣ್ಣು. ತಿಂಗಳಿಗೆ ಮೂರೂವರೆ ಸಾವಿರ ಬೀಳುತ್ತಿತ್ತು. ಹಳೇ ವಿದ್ಯಾರ್ಥಿನಿಯರು ಇಬ್ಬರು ಸೇರಿ ಕೊಟ್ಟರು. ಪ್ರೋಟೀನ್ ಪೌಡರ್ ಡಬ್ಬವನ್ನೂ ಒಂದು ಸಲ ತರಿಸಿದ್ದೆ, 2,800 ರೂಪಾಯಿ. ಹೊಟ್ಟೆ ಉಬ್ಬರ ಅಂತ ಮೂರನೇ ದಿನಕ್ಕೆ ಯಾರೂ ಕುಡಿಯಲಿಲ್ಲ. ಸುಮ್ನೆ ದುಡ್ಡು ದಂಡ. ಇನ್ನೊಂದು ವಿಷಯ, ತಿಂಗಳ ಆ ದಿನಗಳಲ್ಲಿ ಹುಡುಗಿ ಮೊದಲೇ ನನಗೆ ಹೇಳಿಬಿಡುತ್ತಾಳೆ. ಆ ಜೋಡಿಗೆ ಮೂರು ನಿಮಿಷದ ಪಾಳಿ. ಮುಂಚೆ ಹೊಟ್ಟೆ ಹಿಡಿದುಕೊಂಡು ಇಡೀ ಮ್ಯಾಚ್ ಆಡುತ್ತಿದ್ದರು ಪಾಪ.

ಇಬ್ಬರು ಆಟಗಾರ್ತಿಯರು ಖೋ-ಖೋದಿಂದ ಬಂದವರು. ತಿ. ನರಸೀಪುರದ ಕಡೆ ಖೋ-ಖೋ ಎಷ್ಟು ಗಟ್ಟಿ ಅಂತ ನಿಮಗೆ ಹೇಳಬೇಕಾಗಿಲ್ಲ. 2025ರ ಜನವರಿಯಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಅದೇ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ನನ್ನ ಈ ಇಬ್ಬರಿಗೆ ಶೂಟಿಂಗ್ ಬರುವುದಿಲ್ಲ. ಆದರೆ ಓಡುತ್ತಲೇ ದಿಕ್ಕು ಬದಲಿಸುವುದು ರಕ್ತದಲ್ಲಿದೆ. ಇವರನ್ನೇ ಜೋಡಿ ಮಾಡಿ ಫುಲ್ ಕೋರ್ಟ್ ಪ್ರೆಸ್‌ಗೆ, ಅಂದರೆ ಕೋರ್ಟಿನುದ್ದಕ್ಕೂ ಎದುರಿನವರನ್ನು ಬೆನ್ನಟ್ಟಿ ಕಾಡೋಕೆ, ಬಿಟ್ಟೆ. ನಾಲ್ಕು ನಿಮಿಷ ಎದುರಿನವರಿಗೆ ಉಸಿರಾಡಲು ಬಿಡುವುದಿಲ್ಲ. ಖಾಲಿ ಹೆಸರಿನ ಹುಡುಗಿ ಅಂದೆನಲ್ಲ, ಇವರಲ್ಲೊಬ್ಬಳು.

ಎಲ್ಲಕ್ಕಿಂತ ಕಷ್ಟವಾಗಿದ್ದು ನಮ್ಮ ಮೇನ್ ಸ್ಕೋರರ್ ವಿಷಯ. ಮುಂಚೆ 34–35 ನಿಮಿಷ ಆಡುತ್ತಿದ್ದವಳು 22ಕ್ಕೆ ಇಳಿದಳು. ಒಂದು ದಿನ ಅವಳ ಅಪ್ಪ ಹಾಲಿನ ಡೈರಿಗೆ ಹಾಕಿ ಹಾಗೇ ಬಂದವರು, ಕ್ಯಾನು ಬೈಕಿನಲ್ಲೇ ಇತ್ತು. ಗ್ರೌಂಡಿನ ಗೇಟಲ್ಲಿ ನಿಂತು ಕೇಳಿದರು.

'ನನ್ ಮಗಳು ಏನ್ ತಪ್ಪು ಮಾಡವ್ಳೆ ಮೇಡಂ? ಎಲ್ರಿಗಿಂತ ಚೆನ್ನಾಗ್ ಆಡೋಳ್ನ ಯಾಕ್ ಕೂರಿಸ್ತೀರಾ?'

'ತಪ್ಪು ಮಾಡಿಲ್ಲ ಅಣ್ಣ. ಇದನ್ನ ಒಂದ್ಸಲ ನೋಡಿ' ಅಂತ ನೋಟ್‌ಬುಕ್ ತೆಗೆದೆ. ಹಿಂದಿನ ವರ್ಷ ನಾಲ್ಕನೇ ಕ್ವಾರ್ಟರಿನಲ್ಲಿ ಅವಳ ಶಾಟ್ ಹತ್ತಕ್ಕೆ ಎರಡು ಬೀಳುತ್ತಿತ್ತು. ಈಗ ನಾಲ್ಕೈದು. ಅವರು ಬೆರಳಿಟ್ಟು ನಿಧಾನಕ್ಕೆ ಓದಿದರು. ಏನೂ ಹೇಳಲಿಲ್ಲ. ಹೋಗುವಾಗ ಮಗಳಿಗೆ 'ಮೇಡಂ ಹೇಳ್ದಂಗ್ ಕೇಳು' ಅಂದರು. ನನಗೆ ಗಂಟಲು ಕಟ್ಟಿತು. ಆದರೂ ಹುಡುಗಿ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಸೌತ್ ಕ್ಯಾರೊಲಿನಾದಲ್ಲಿ ಬೆಂಚಿನಿಂದ ಬರುತ್ತಿದ್ದ ಮಿಲೇಶಿಯಾ ಫುಲ್ವೈಲಿ ಅಂಥ ಆಟಗಾರ್ತಿಯೇ 2025ರಲ್ಲಿ ತಂಡ ಬಿಟ್ಟು ಎಲ್‌ಎಸ್‌ಯುಗೆ (ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿಗೆ) ಹೋದರು. ಇದು ಸಣ್ಣ ವಿಷಯ ಅಲ್ಲ. ನಮ್ಮ ಹುಡುಗಿ ಸೀಸನ್ ಕೊನೆಗೆ ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾದಳು. ಆಮೇಲೆ ಎಲ್ಲ ಸರಿಹೋಯಿತು.

ಸೋತ ಒಂದು ಮ್ಯಾಚ್ ಬಗ್ಗೆಯೂ ಹೇಳಬೇಕು. 12 ಜನ ಇದ್ದಾರೆ, ಐದು ಫೌಲ್ ಆದರೆ ತಾನೇ ಒಬ್ಬಳು ಹೊರಗೆ, ಬೇಕಾದಷ್ಟಿದೆ ಅಂತ ಫೌಲ್‌ಗೆ ಹೆದರದೆ ಡಿಫೆನ್ಸ್ ಆಡಿಸಿದೆ. ಟೀಮ್ ಫೌಲ್ ಲೆಕ್ಕ ಮಾತ್ರ ಎಷ್ಟು ಜನ ಇದ್ದರೂ ಒಂದೇ ಅಲ್ವಾ. ಪ್ರತಿ ಕ್ವಾರ್ಟರಿನ ಅರ್ಧಕ್ಕೇ ನಾಲ್ಕು ತುಂಬಿ, ಐದನೆಯದರಿಂದ ಅವರು ಫ್ರೀ ಥ್ರೋ ಲೈನಿಗೆ ಹೋದರು. ಮೂವತ್ತರ ಹತ್ತಿರ ಫ್ರೀ ಥ್ರೋ ಹಾಕಿದರು. ಆರು ಪಾಯಿಂಟಲ್ಲಿ ಸೋತೆವು. ಮಾರನೇ ದಿನದಿಂದ ಅಕೌಂಟೆನ್ಸಿ ಹುಡುಗಿಗೆ ಇನ್ನೊಂದು ಕಾಲಂ ಹಾಕಿಸಿದೆ. ಮೂರನೇ ಟೀಮ್ ಫೌಲ್ ಆದ ಕೂಡಲೇ ಅವಳು ನನ್ನ ಮೊಣಕೈ ಮುಟ್ಟಬೇಕು. ಖೋ-ಖೋ ಜೋಡಿ ಹೊರಗೆ.

ಫೈನಲ್‌ನಲ್ಲಿ ಅರ್ಧ ಆಟ ಮುಗಿದಾಗ 29–27. ಎದುರಿನವರು ಒಳ್ಳೆ ಐದು ಜನ, ನಮಗಿಂತ ಎತ್ತರ, ಶೂಟಿಂಗ್ ಕೂಡ ಚೆಂದ. ಆದರೆ ಮೂರನೇ ಕ್ವಾರ್ಟರಿನ ಆರನೇ ನಿಮಿಷದಲ್ಲಿ ಅವರ ಸೆಂಟರ್ ಎರಡೂ ಕೈ ಮಂಡಿ ಮೇಲೆ ಊರಿ ಬಗ್ಗಿ ನಿಂತಳು. ಆ ನಿಲುವು ನನಗೆ 11 ವರ್ಷದಿಂದ ಗೊತ್ತು, ನಮ್ಮ ಹುಡುಗಿಯರದೇ ನಿಲುವು ಅದು. ಪಕ್ಕದವಳಿಗೆ ಕೈಸನ್ನೆ ಮಾಡಿದೆ. ಖೋ-ಖೋ ಜೋಡಿ ಕಂಬಳಿ ಸರಿಸಿ ಎದ್ದರು. ಮುಂದಿನ ನಾಲ್ಕು ನಿಮಿಷದಲ್ಲಿ 13 ಪಾಯಿಂಟ್ ನಮಗೆ, ಅವರಿಗೆ ಎರಡು.

ಈ ಜೂನ್‌ನಲ್ಲಿ ಐದು ಜನ ಫೈನಲ್ ಇಯರ್ ಮುಗಿಸಿ ಹೊರಡುತ್ತಾರೆ. ಮೂರು ಜೋಡಿ ಒಡೆಯುತ್ತದೆ. ಅಡ್ಮಿಶನ್ ಶುರುವಾಗುವ ಮೊದಲೇ ಎರಡು ಹೈಸ್ಕೂಲಿನ ಪಿ.ಟಿ. ಮೇಷ್ಟರ ಹತ್ತಿರ ಖೋ-ಖೋ, ಥ್ರೋಬಾಲ್ ಹುಡುಗಿಯರ ಹೆಸರು ಬರೆಸಿಕೊಂಡು ಬಂದಿದ್ದೇನೆ. 12 ಜೊತೆ ಶೂಗೆ ಎಸ್ಟಿಮೇಟ್ 26 ಸಾವಿರ ಕೊಟ್ಟಿದ್ದೇನೆ. ಈ ಸಲ ಆಫೀಸಿನವರು ಸಂಖ್ಯೆ ಎಂಟಕ್ಕೆ ಇಳಿಸಿ ಅಂತ ಹೇಳಲಿಲ್ಲ.