ಇಂಟರ್ನೆಟ್ ಇಲ್ಲದೆ ಮಕ್ಕಳ ಫೋನಿಗೆ ಕನ್ನಡ ಕ್ಯಾಪ್ಶನ್ ಪಾಠ: ಕಾಸರಗೋಡಿನಲ್ಲಿ ನಮ್ಮ ಅನುಭವ

ಪಾಠದ ವಿಡಿಯೊದಲ್ಲಿ ಮಾತನ್ನು ಅಕ್ಷರವಾಗಿ ತೋರಿಸುವ ಕನ್ನಡ ಕ್ಯಾಪ್ಶನ್ ಫೋನಿನಲ್ಲಿ ಒಡೆದು ಕಾಣುತ್ತದೆ, ಅಷ್ಟನ್ನು ಟೈಪ್ ಮಾಡುವವರು ಯಾರು, ಯೂಟ್ಯೂಬಿಗೆ ಹಾಕಿದರೆ ಮುಗಿಯಲಿಲ್ಲವೇ? ಸ್ಟಾಫ್‌ರೂಮಿನಲ್ಲಿ ಈ ಮೂರು ಮಾತು ಎಷ್ಟೋ ಸಲ ಬಂದದ್ದುಂಟು. ಈಗ ಎರಡು ಪೇಪರಿನ ಅಷ್ಟೂ ಪಾಠ ಮಕ್ಕಳ ಫೋನಿನಲ್ಲೇ ಕೂತಿದೆ. ದೇಲಂಪಾಡಿ, ಅಡೂರು ಕಡೆಯ ರೇಂಜ್ ಇಲ್ಲದ ಮನೆಗಳಲ್ಲೂ ಓಡುತ್ತಿದೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಕಾಲೇಜಿಗೆ ಬರುವವರಲ್ಲಿ ಹೆಚ್ಚಿನವರು ಪ್ಲಸ್ ಟುವರೆಗೆ ಕನ್ನಡ ಮೀಡಿಯಂ. ಪಾಠ ನಡೆಯುವುದು ಮಲಯಾಳ, ಇಂಗ್ಲಿಷ್ ಬೆರೆಸಿ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕ ಯಾವುದಾದರೂ ಇರಲಿ, ಓದುವ ಅಕ್ಷರ ಕನ್ನಡವೇ. ಮೊದಲ ಸೆಮಿಸ್ಟರಿನಲ್ಲಿ ಮೇಷ್ಟ್ರು ಹೇಳಿದ್ದು ಅರ್ಧ ಕಿವಿಯಿಂದಲೇ ಹಾರಿ ಹೋಗುತ್ತದೆ. ಕ್ಯಾಪ್ಶನ್ ಇಲ್ಲದ ವಿಡಿಯೊ ಇವರಿಗೆ ಅದೇ ಪಾಠವನ್ನು ಎರಡನೇ ಸಲ ಅರ್ಥವಾಗದಂತೆ ಕೇಳಿಸುತ್ತದೆ, ಅಷ್ಟೆ. ಪರೀಕ್ಷೆ ಇಂಗ್ಲಿಷಿನಲ್ಲಿ ಆದ್ದರಿಂದ ವಿಷಯದ ಪದಗಳನ್ನು ಇಂಗ್ಲಿಷಿನವೇ ಇಟ್ಟು ಕನ್ನಡ ಅಕ್ಷರದಲ್ಲಿ ಬರೆಸುತ್ತೇವೆ, ವಿವರಣೆ ಮಾತ್ರ ಕನ್ನಡ.

ಮೊದಲು ಎಂಪಿ4 ವಿಡಿಯೊ ಜೊತೆಗೆ, ಕ್ಯಾಪ್ಶನ್ನಿನ ಸಾಲು, ಸಮಯ ಇರುವ ಎಸ್‌ಆರ್‌ಟಿ ಫೈಲನ್ನು ಬೇರೆಯಾಗಿ ಕೊಟ್ಟು ನೋಡಿದೆವು. ವಿಎಲ್‌ಸಿ ಪ್ಲೇಯರಿನಲ್ಲಿ ಚೆನ್ನಾಗಿ ಬಂತು. ಆದರೆ ಮಕ್ಕಳು ವಿಎಲ್‌ಸಿ ಹಾಕಿಕೊಳ್ಳುವುದಿಲ್ಲ, ಫೋನಿನ ಗ್ಯಾಲರಿಯಲ್ಲೇ ತೆರೆಯುತ್ತಾರೆ. ಒಬ್ಬರಿಂದ ಒಬ್ಬರಿಗೆ ಕಳಿಸುವಾಗ ವಿಡಿಯೊ ಹೋಗುತ್ತದೆ, ಎಸ್‌ಆರ್‌ಟಿ ಹಿಂದೆ ಉಳಿಯುತ್ತದೆ. ಎಂಪಿ4ರ ಒಳಗೇ ಟ್ರ್ಯಾಕ್ ಆಗಿ ಸೇರಿಸಿದರೆ ಕೆಲವು ಪ್ಲೇಯರ್ ಅದನ್ನು ತೋರಿಸುವುದೇ ಇಲ್ಲ. ಕೆಲವು ಹಳೇ ಫೋನಿನಲ್ಲಿ ಒತ್ತಕ್ಷರ ಬಿಡಿಬಿಡಿ. ಕೊನೆಗೆ ನಿಂತದ್ದು ಒಂದೇ ದಾರಿ: ಕ್ಯಾಪ್ಶನ್ನನ್ನು ಚಿತ್ರದ ಮೇಲೇ ಸುಟ್ಟುಬಿಡುವುದು, ಅಂದರೆ ಅಕ್ಷರವನ್ನು ಚಿತ್ರದ ಭಾಗವೇ ಆಗಿಸುವುದು. ಅಕ್ಷರ ಕೂಡಿಸುವ ಕೆಲಸ ನಮ್ಮ ಕಂಪ್ಯೂಟರಿನಲ್ಲಿ ಒಂದು ಸಲ ಸರಿಯಾಗಿ ನಡೆದರೆ ಸಾಕು, ಆಮೇಲೆ ಯಾವ ಫೋನಿನಲ್ಲೂ ಕೆಡುವುದಿಲ್ಲ. ತಿದ್ದಬೇಕಾದರೆ ಮತ್ತೆ ಎನ್‌ಕೋಡ್ ಮಾಡಬೇಕು, ಅದಕ್ಕೆ ಎಸ್‌ಆರ್‌ಟಿಯನ್ನೇ ಮೂಲಪ್ರತಿಯಾಗಿ ಜೋಪಾನ ಮಾಡಿ.

ಬೋರ್ಡಿನ ಕೆಳಭಾಗ ಕ್ಯಾಪ್ಶನ್ನಿನಡಿ ಮುಚ್ಚಿಹೋಗುವುದು ಎಲ್ಲರ ತಕರಾರು. ಅದಕ್ಕೆ ಚಿತ್ರವನ್ನು 854×480ಕ್ಕೆ ಇಳಿಸಿ, ಕೆಳಗೆ 96 ಪಿಕ್ಸೆಲ್ ಕಪ್ಪು ಪಟ್ಟಿ ಸೇರಿಸಿ 854×576 ಮಾಡುತ್ತೇವೆ. ಅಕ್ಷರ ಆ ಪಟ್ಟಿಯಲ್ಲಿ, ಬೋರ್ಡು ಪೂರ್ತಿ ಮೇಲೆ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಫ್ಟ್‌ವೇರಿನಲ್ಲಿ ಫಿಲ್ಟರಿನ ಕ್ರಮ ಸ್ಕೇಲ್ (ಗಾತ್ರ ಇಳಿಸುವುದು), ಪ್ಯಾಡ್ (ಪಟ್ಟಿ ಸೇರಿಸುವುದು), ಕೊನೆಗೆ ಸಬ್‌ಟೈಟಲ್ಸ್. ಕ್ರಮ ತಪ್ಪಿದರೆ ಅಕ್ಷರ ಮತ್ತೆ ಬೋರ್ಡಿನ ಮೇಲೇ ಕೂರುತ್ತದೆ. ಎಸ್‌ಆರ್‌ಟಿಗೆ ಎಫ್‌ಎಫ್‌ಎಂಪೆಗ್ ಫಾಂಟ್ ಗಾತ್ರವನ್ನು ಲೆಕ್ಕ ಹಾಕುವುದು ವಿಡಿಯೊದ ಪಿಕ್ಸೆಲ್ಲಿನಲ್ಲಲ್ಲ, 288 ಸಾಲಿನ ಪರದೆ ಎಂದು ಭಾವಿಸಿ. 576 ಅದರ ಸರಿಯಾಗಿ ಎರಡು ಪಾಲು. ಹಾಗಾಗಿ ಗಾತ್ರ 20 ಎಂದು ಕೊಟ್ಟರೆ ಸಾಲಿಗೆ 40 ಪಿಕ್ಸೆಲ್, ಎರಡು ಸಾಲಿಗೆ 80. ಕೆಳಗಿನ ಮಾರ್ಜಿನ್ 4 ಎಂದರೆ 8 ಪಿಕ್ಸೆಲ್. ಪಟ್ಟಿಯೊಳಗೆ ಹದವಾಗಿ ಕೂರುತ್ತದೆ.

ಫಾಂಟ್ ನೋಟೊ ಸಾನ್ಸ್ ಕನ್ನಡ. ಇದರ ಮೇಲೆ ಕೆಳಗೆ ಒತ್ತು, ಗುಡಿಸಿಗೆಂದು ಬಿಟ್ಟ ಜಾಗ ಜಾಸ್ತಿ, ಅದರಿಂದ ಅದೇ ಗಾತ್ರದಲ್ಲೂ ಅಕ್ಷರ ಸಣ್ಣದಾಗಿ ಕಾಣುತ್ತದೆ. 20ಕ್ಕಿಂತ ಇಳಿಸಬೇಡಿ. ಸಾಲಿಗೆ ಸುಮಾರು 26 ಅಕ್ಷರ, ಒಮ್ಮೆಗೆ ಎರಡೇ ಸಾಲು, ಕನಿಷ್ಠ 2 ಸೆಕೆಂಡು ನಿಲ್ಲಬೇಕು, 6 ದಾಟಬಾರದು. ಸಾಲು ಒಡೆಯುವುದನ್ನು ಸಾಫ್ಟ್‌ವೇರಿಗೆ ಬಿಡಬೇಡಿ. ಅದು ಖಾಲಿ ಜಾಗ ಕಂಡಲ್ಲಿ ಮುರಿಯುತ್ತದೆ, ಸಂಧಿಯಾದ ನಮ್ಮ ಉದ್ದ ಪದಗಳಲ್ಲಿ ಖಾಲಿ ಜಾಗವೇ ಸಿಗುವುದಿಲ್ಲ. ವಿಂಡೋಸಿನವರು ವಿಡಿಯೊ, ಎಸ್‌ಆರ್‌ಟಿ ಎರಡನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟು ಅಲ್ಲಿಂದಲೇ ಕಮಾಂಡ್ ಕೊಡಿ. ಸಿ-ಡ್ರೈವಿನ ಪೂರ್ತಿ ದಾರಿ ಬರೆದರೆ ಆ ಕೋಲನ್ ಚಿಹ್ನೆಗೇ ಫಿಲ್ಟರ್ ಮುಗ್ಗರಿಸುತ್ತದೆ.

ಗಾತ್ರದ ವಿಷಯ. ಫೋನಿನಲ್ಲಿ 1080ರಲ್ಲಿ ತೆಗೆದ 40 ನಿಮಿಷದ ಪಾಠ 5 ಜಿಬಿ ಹತ್ತಿರ ಬರುತ್ತದೆ. ವಿಡಿಯೊ ಕುಗ್ಗಿಸುವ ವಿಧಾನ ಎಚ್.264, ಮೇನ್ ಪ್ರೊಫೈಲ್, ಸಿಆರ್‌ಎಫ್ (ಗುಣಮಟ್ಟದ ಅಂಕಿ, ಹೆಚ್ಚಿದಷ್ಟೂ ಫೈಲ್ ಸಣ್ಣ) 28, ಸೆಕೆಂಡಿಗೆ 12 ಫ್ರೇಮ್, ಧ್ವನಿ ಮೋನೊ 48 ಕೆಬಿಪಿಎಸ್ ಮಾಡಿದರೆ ಸ್ಲೈಡ್ ಪಾಠ 50 ಎಂಬಿ ಆಸುಪಾಸಿಗೆ ಇಳಿಯುತ್ತದೆ. ಕಪ್ಪು ಹಲಗೆಯ ಮುಂದೆ ಮೇಷ್ಟ್ರು ಓಡಾಡುವ ಪಾಠ 100 ದಾಟುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಎಚ್.265 ಇನ್ನೂ ಸಣ್ಣದಾಗುತ್ತದೆ ನಿಜ, ಆದರೆ ಹಳೇ ಫೋನ್ ಬಿಸಿಯಾಗಿ ತಡೆತಡೆದು ಓಡುತ್ತದೆ. ಬೇಡ. ಕಪ್ಪು ಪಟ್ಟಿಗೆ ಹೆಚ್ಚುವರಿ ತೂಕ ಇಲ್ಲವೆಂದೇ ಹೇಳಬೇಕು.

ಹೆಚ್ಚು ದುಡ್ಡು ನುಂಗುವುದು ಕ್ಯಾಪ್ಶನ್ ಬರೆಯುವ ಕೂಲಿ. ಮಾತನ್ನು ತಾನೇ ಅಕ್ಷರಕ್ಕೆ ಇಳಿಸುವ ವಿಸ್ಪರ್ ಎಂಬ ಸಾಫ್ಟ್‌ವೇರ್ ಹಾಕಿ ನೋಡಿದೆವು. ಮಲಯಾಳ ಮಾತನ್ನು ಅದು ಅನುವಾದ ಮಾಡುವುದು ಇಂಗ್ಲಿಷಿಗೆ ಮಾತ್ರ, ಕನ್ನಡಕ್ಕಲ್ಲ. ಮೇಷ್ಟ್ರು ಸುಮ್ಮನೆ ಬೋರ್ಡಿನಲ್ಲಿ ಬರೆಯುತ್ತಿರುವಾಗ ಯಾರೂ ಆಡದ ವಾಕ್ಯವನ್ನು ಮತ್ತೆ ಮತ್ತೆ ಬರೆಯುತ್ತದೆ. ಕೈಯಲ್ಲೇ ಟೈಪ್ ಮಾಡಿಸಿದರೆ ಒಂದು ಪಾಠಕ್ಕೆ ಆರು ಗಂಟೆಗೆ ಕಡಿಮೆ ಇಲ್ಲ. ಗೆದ್ದ ವಿಧಾನ ಮರುನುಡಿ: ಮಲಯಾಳ ಬಲ್ಲ ಸೀನಿಯರ್ ವಿದ್ಯಾರ್ಥಿ ಇಯರ್‌ಫೋನಿನಲ್ಲಿ ಪಾಠವನ್ನು ಸ್ವಲ್ಪ ನಿಧಾನಗೊಳಿಸಿ ಕೇಳುತ್ತಾ, ಕನ್ನಡದಲ್ಲಿ ತಾನೇ ಹೇಳುತ್ತಾ ಹೋಗುವುದು, ಫೋನಿನ ಜಿಬೋರ್ಡ್ ಕೀಬೋರ್ಡಿನ ಕನ್ನಡ ಧ್ವನಿ ಟೈಪಿಂಗ್ ಬರೆದುಕೊಳ್ಳುವುದು. ಒಮ್ಮೆಗೆ ಎರಡು ಮೂರು ವಾಕ್ಯ ಮಾತ್ರ. ಪುಸ್ತಕದ ಕನ್ನಡದಲ್ಲಿ ಬಿಡಿಸಿ ಹೇಳಬೇಕು. 'ಉಂಟಲ್ಲ', 'ಬತ್ತಿಲ್ಲೆ' ಎಂದರೆ ಏನೇನೋ ಬರೆದಿಡುತ್ತದೆ. ಆಮೇಲೆ ಸಬ್‌ಟೈಟಲ್ ಎಡಿಟ್ ಎಂಬ ಸಾಫ್ಟ್‌ವೇರಿನಲ್ಲಿ ಪ್ರತಿ ಸಾಲಿಗೆ ಸಮಯ ಕೂಡಿಸುವುದು. ಎಲ್ಲ ಸೇರಿ ಎರಡೂವರೆ ಗಂಟೆ.

ಇಲ್ಲಿ ಮೂರು ಹೊಂಡಗಳಿವೆ. ಒಂದು, ಮೇಷ್ಟ್ರ ಹಳೇ ನೋಟ್ಸು ನುಡಿ ತಂತ್ರಾಂಶದ ಹಳೇ ಆಸ್ಕಿ ಅಕ್ಷರದಲ್ಲಿರುತ್ತದೆ. ಅಂಟಿಸಿದರೆ ಗೋಜಲು. ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಎರಡು, ನೋಟ್‌ಪ್ಯಾಡಿನಲ್ಲಿ ಆನ್ಸಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಹೋಗುತ್ತದೆ, ಮರಳಿ ಬರುವುದಿಲ್ಲ. ಯುಟಿಎಫ್-8 ಕಡ್ಡಾಯ. ಮೂರು, ಇಂಗ್ಲಿಷ್ ಪದಗಳಲ್ಲಿ 'ಬ್ಯಾಲೆನ್ಸ್‌ಶೀಟ್' ಎಂದಾಗಬೇಕಾದದ್ದು 'ಬ್ಯಾಲೆನ್ಸ್ಶೀಟ್' ಎಂದು ಒತ್ತಾಗಿ ಬರುತ್ತದೆ, ಸಣ್ಣ ಪರದೆಯಲ್ಲಿ ಓದಲಾಗದು. ಇಂಥ ಇನ್ನೂರರಷ್ಟು ಪದಗಳ ಪಟ್ಟಿ ಮಾಡಿ, ಒಂದೇ ಏಟಿಗೆ ಬದಲಿಸುತ್ತೇವೆ.

ಕೂಲಿಯ ದರ, ಮುಗಿದ ವಿಡಿಯೊದ ನಿಮಿಷಕ್ಕೆ 12 ರೂಪಾಯಿ. ಇದರಲ್ಲಿ ಉಳಿಸುವ ದಾರಿ ಮೊದಲು ಕತ್ತರಿಸುವುದು. ಹಾಜರಿ, ಬೋರ್ಡ್ ಒರೆಸುವುದು, ಮೌನವಾಗಿ ಬರೆಯುವುದು ತೆಗೆದರೆ 40 ನಿಮಿಷ 26ಕ್ಕೆ ಇಳಿಯುತ್ತದೆ. 30 ಪಾಠದ ಒಂದು ಪೇಪರಿಗೆ ಹದಿನಾಲ್ಕು ಸಾವಿರದ ನಾನೂರು ಆಗುತ್ತಿದ್ದದ್ದು ಒಂಬತ್ತು ಸಾವಿರ ಚಿಲ್ಲರೆಗೆ ಬಂತು. ಅಷ್ಟನ್ನು ಪಿಟಿಎ ಒಪ್ಪಿತು. ಉಪಕರಣಕ್ಕೆ ಆದದ್ದು ಕಡಿಮೆ: ಡ್ಯುಯಲ್ ಬ್ಯಾಂಡ್ ರೂಟರಿಗೆ ಸುಮಾರು 1,800, ಅದರ 12 ವೋಲ್ಟಿನ ಮಿನಿ ಯುಪಿಎಸ್‌ಗೆ ಸಾವಿರ ಚಿಲ್ಲರೆ, ಕಾಲರ್ ಮೈಕಿಗೆ 900ರಷ್ಟು. ಮಕ್ಕಳ ಫೋನಿಗೆ ವಿಡಿಯೊ ಹಂಚುವ ಸರ್ವರ್ ಆಗಿ, ಮೂಲೆಯಲ್ಲಿ ಬಿದ್ದಿದ್ದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಆಷಾಢದ ಮಳೆಯಲ್ಲಿ ಕರೆಂಟು ಕೈಕೊಟ್ಟರೆ ಮೆಮೊರಿ ಕಾರ್ಡ್ ಕೆಡುವುದರಿಂದ ಅದನ್ನು ಓದಲು ಮಾತ್ರ ಎಂದು ಮೌಂಟ್ ಮಾಡಿಡಿ.

ಹಂಚುವುದು ಹೀಗೆ. ಪೈಯ ಒಳಗಿನ ವೈಫೈ ಹತ್ತಿಪ್ಪತ್ತು ಫೋನಿಗೇ ಸುಸ್ತು. ರೂಟರನ್ನು ಕೇಬಲ್ಲಿನಲ್ಲಿ ಸೇರಿಸಿ, ಪೈಯಲ್ಲಿ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹಾಕಿ, ಕ್ಲಾಸಿನ ನಡುವೆ ಇಡಿ. 40 ಮಕ್ಕಳು 50 ಎಂಬಿ ಇಳಿಸಿಕೊಂಡರೆ ಒಟ್ಟು 2 ಜಿಬಿ. ಬರೀ 2.4 ಗಿಗಾಹರ್ಟ್ಸ್‌ನಲ್ಲಿ ಏಳೆಂಟು ನಿಮಿಷ ಬೇಕು, 5ರಲ್ಲಿ ಅದಕ್ಕಿಂತ ಬೇಗ ಮುಗಿಯುತ್ತದೆ. ಜಗಲಿಯ ತುದಿಯಲ್ಲಿ ನಿಂತ ಒಂದು ಫೋನ್ ಕಡಿಮೆ ವೇಗದಲ್ಲಿ ಹಿಡಿದುಕೊಂಡರೆ ಉಳಿದವರೆಲ್ಲ ಕಾಯಬೇಕಾಗುತ್ತದೆ. ರೂಟರಿಗೆ ಹಾಕಿದ ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರಿನಲ್ಲಿ 1, 2, 5.5 ಎಂಬಿಪಿಎಸ್ ದರಗಳನ್ನು ಮುಚ್ಚಿದ ಮೇಲೆ ಈ ಕಾಟ ತಪ್ಪಿತು.

ಇನ್ನೊಂದು ದೊಡ್ಡ ತೊಡಕು ಆಂಡ್ರಾಯ್ಡಿನದು. 'ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ' ಎಂದು ಫೋನ್ ತಾನೇ ಮೊಬೈಲ್ ಡೇಟಾಕ್ಕೆ ಹಾರುತ್ತದೆ, ಪುಟ ತೆರೆಯುವುದಿಲ್ಲ. ಡೇಟಾ ಆಫ್ ಮಾಡಿಸುವುದು ಸುಲಭದ ದಾರಿ. ಇಂಟರ್ನೆಟ್ ಉಂಟೇ ಎಂದು ಫೋನ್ ಮಾಡುವ ಪರೀಕ್ಷೆಗೆ ನಮ್ಮ ಸರ್ವರೇ 204 (ಉಂಟು ಎಂಬ ಸಂಕೇತ) ಎಂದು ಉತ್ತರ ಕೊಡುವಂತೆ ಮಾಡುವುದು ಇನ್ನೊಂದು ದಾರಿ, ಆದರೆ ಹೊಸ ಆಂಡ್ರಾಯ್ಡ್ ಎಚ್‌ಟಿಟಿಪಿಎಸ್‌ನಲ್ಲೂ ಪರೀಕ್ಷಿಸುವುದರಿಂದ ಅದೊಂದೇ ಸಾಲದು. ವಿಳಾಸವನ್ನು ಟೈಪ್ ಮಾಡಿಸಬೇಡಿ, ಬ್ರೌಸರ್ ಎಚ್‌ಟಿಟಿಪಿಎಸ್‌ಗೆ ಹೋಗಿ ಸಿಕ್ಕಿಬೀಳುತ್ತದೆ. ಎಚ್‌ಟಿಟಿಪಿ ಸೇರಿಸಿದ ಐಪಿ ಸಂಖ್ಯೆಯ ಕ್ಯುಆರ್ ಕೋಡನ್ನು ಬೋರ್ಡಿನ ಪಕ್ಕ ಅಂಟಿಸಿ.

ಮರುನುಡಿಯ ಧ್ವನಿಯನ್ನೇ ರೆಕಾರ್ಡ್ ಮಾಡಿ ಎರಡನೇ ಆಡಿಯೊ ಟ್ರ್ಯಾಕ್ ಆಗಿಯೂ ಸೇರಿಸಿ ನೋಡಿದೆವು. ಟ್ರ್ಯಾಕ್ ಬದಲಿಸುವ ಮೆನು ಯಾರಿಗೂ ಸಿಗಲಿಲ್ಲ. ಅದನ್ನೇ 32 ಕೆಬಿಪಿಎಸ್‌ನ ಬೇರೆ ಆಡಿಯೊ ಫೈಲ್ ಮಾಡಿದೆವು, 26 ನಿಮಿಷಕ್ಕೆ ಆರು ಎಂಬಿ ಚಿಲ್ಲರೆ. ಪೆರ್ಲ, ಬದಿಯಡ್ಕ ಬಸ್ಸಿನಲ್ಲಿ ಬರುವವರು ಈಗ ವಿಡಿಯೊಕ್ಕಿಂತ ಮೊದಲು ಅದನ್ನೇ ಕೇಳುತ್ತಾರೆ. ಮಲಯಾಳ, ಕನ್ನಡ ಎರಡೂ ಕ್ಯಾಪ್ಶನ್ ಒಟ್ಟಿಗೆ ಹಾಕುವುದು ಮಾತ್ರ ಆಗದ ಕೆಲಸ, ನಾಲ್ಕು ಸಾಲಿಗೆ ಆ ಪಟ್ಟಿ ಸಾಲದು.

ಫೈಲಿನ ಹೆಸರಿನಲ್ಲಿ ಪೇಪರ್, ಪಾಠದ ಸಂಖ್ಯೆ, ಕೊನೆಗೆ ತಿದ್ದುಪಡಿಯ ಸಂಖ್ಯೆ ಇರಲಿ. ಸುಟ್ಟ ಕ್ಯಾಪ್ಶನ್ನಿನಲ್ಲಿ ತಪ್ಪು ಸಿಕ್ಕಿ ಹೊಸದು ಹಾಕಿದಾಗ, ಹಳೆಯದನ್ನು ಅಳಿಸಬೇಕೋ ಬೇಡವೋ ಎಂದು ಮಕ್ಕಳಿಗೆ ಗೊತ್ತಾಗುವುದು ಅದೊಂದರಿಂದಲೇ.