ಜನವರಿಯ ಗ್ಯಾಸ್ ಬಿಲ್ಲಿಗೆ ಜುಲೈನಲ್ಲೇ ತಯಾರಿ

ಇಂಗ್ಲೆಂಡಿಗೆ ಈ ಬೇಸಿಗೆಯಲ್ಲಿ ಹೊಸದಾಗಿ ಬಂದವರಿಗೆ ಒಂದು ಮಾತು: ಜುಲೈ ತಿಂಗಳ ಗ್ಯಾಸ್ ಬಿಲ್ ನೋಡಿ ಹಿಗ್ಗಬೇಡಿ. ಆಗ ಉರಿಯುವುದು ಸ್ನಾನಕ್ಕೆ, ಅಡುಗೆಗೆ ಅಷ್ಟೇ. ನವೆಂಬರಿನಲ್ಲಿ ಬಾಯ್ಲರ್, ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರುಗಳಿಗೂ ನೀರು ಕಾಯಿಸತೊಡಗಿದರೆ ಲೆಕ್ಕವೇ ಬೇರೆ. ಮೊದಲ ವರ್ಷ ನಾನು ಬಳಸಿದಷ್ಟಕ್ಕೆ ಮಾತ್ರ ಕಟ್ಟುವ ಜಾಣತನ ತೋರಿಸಿ, ಜನವರಿಯಲ್ಲಿ ಊರಿಗೆ ಹೋಗುವ ಟಿಕೆಟ್ಟಿಗೆಂದು ಇಟ್ಟಿದ್ದ ಹಣಕ್ಕೆ ಕೈಹಾಕಿದೆ.

ಈಗ ಪ್ರತಿ ತಿಂಗಳೂ ಒಂದೇ ಮೊತ್ತದ ಡೈರೆಕ್ಟ್ ಡೆಬಿಟ್, ಅಂದರೆ ಬ್ಯಾಂಕಿನಿಂದ ತಾನಾಗಿಯೇ ಹೋಗುವ ಹಣ. ಬೇಸಿಗೆಯಲ್ಲಿ ಹೆಚ್ಚಾಗಿ ಕಟ್ಟಿದ್ದು ಗ್ಯಾಸ್ ಕಂಪನಿಯ ಖಾತೆಯಲ್ಲಿ ಜಮೆಯಾಗಿದ್ದು ಚಳಿಗಾಲದಲ್ಲಿ ಕರಗುತ್ತದೆ. ಆದರೆ ಕಂಪನಿಯ ಅಂದಾಜನ್ನು ಕಣ್ಣು ಮುಚ್ಚಿ ನಂಬಬೇಡಿ. ಅಂಕಿಯನ್ನು ತಾನೇ ಕಳುಹಿಸುವ ಸ್ಮಾರ್ಟ್ ಮೀಟರ್ ಇಲ್ಲದಿದ್ದರೆ ತಿಂಗಳಿಗೊಮ್ಮೆ ಅಂಕಿ ಕಳುಹಿಸಿ. ನಮ್ಮ ಮೀಟರ್ ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿದೆ. ಚಪ್ಪಲಿ, ಛತ್ರಿಗಳನ್ನೆಲ್ಲ ಸರಿಸಿ, ಮಂಡಿಯೂರಿ, ಮೊಬೈಲ್ ಬೆಳಕಿನಲ್ಲಿ ಫೋಟೋ ತೆಗೆಯುತ್ತೇನೆ. ಒಂದು ಘನ ಮೀಟರ್ ಗ್ಯಾಸ್ ಎಂದರೆ ಸುಮಾರು 11 ಕಿಲೋವ್ಯಾಟ್ ಗಂಟೆ. ಬಳಸಿದ ಕಿಲೋವ್ಯಾಟ್ ಗಂಟೆಗಳನ್ನು ದರದಿಂದ ಗುಣಿಸಿ ದಿನದ ಸ್ಥಿರ ಶುಲ್ಕ ಸೇರಿಸಿದರೆ ಬಿಲ್ ಎಲ್ಲಿಗೆ ಹೊರಟಿದೆ ಎಂದು ತಿಳಿಯುತ್ತದೆ.

ಇಂಧನ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಹಾಕುವ ಬೆಲೆಮಿತಿ ಯೂನಿಟ್ ದರಕ್ಕೂ ಸ್ಥಿರ ಶುಲ್ಕಕ್ಕೂ ಮಿತಿಯೇ ಹೊರತು ನಿಮ್ಮ ಒಟ್ಟು ಬಿಲ್ಲಿಗಲ್ಲ. ಮೂರು ತಿಂಗಳಿಗೊಮ್ಮೆ ಬದಲಾಗುವ ಈ ಮಿತಿಯನ್ನು ಅಕ್ಟೋಬರ್ ಮತ್ತು ಜನವರಿಯಲ್ಲಿ ತಪ್ಪದೆ ನೋಡಿ.

ಟ್ಯಾಂಕ್ ಇಲ್ಲದೆ ಬೇಕೆಂದಾಗಲೇ ನೀರು ಕಾಯಿಸುವ ಕಾಂಬಿ ಬಾಯ್ಲರ್ ಇದ್ದವರು ರೇಡಿಯೇಟರಿಗೆ ಹೋಗುವ ನೀರನ್ನು 60 ಡಿಗ್ರಿಗೆ ಇಳಿಸಿ ನೋಡಿ. ಕೋಣೆ ನಿಧಾನವಾಗಿ ಬೆಚ್ಚಗಾಗುತ್ತದೆ, ಗ್ಯಾಸ್ ಉಳಿಯುತ್ತದೆ. ಬಿಸಿನೀರಿನ ಟ್ಯಾಂಕ್ ಇರುವ ಮನೆಯಲ್ಲಿ ಮಾತ್ರ ಈ ಪ್ರಯೋಗ ಬೇಡ; ಆ ನೀರು ರೋಗಾಣು ಬೆಳೆಯದಷ್ಟು ಕಾದಿರಲೇಬೇಕು.